ಹೆರಿಗೆ ತರಗತಿ: ಯಾವಾಗ ಸೇರಬೇಕು, ಯಾರ ಹತ್ತಿರ ಕಲಿಯಬೇಕು, ಏನನ್ನು ಕಲಿಯಬೇಕು

"ಹೆರಿಗೆ ಕ್ಲಾಸಿಗೆ ಹೋಗಲೇಬೇಕಾ? ಎಷ್ಟನೇ ತಿಂಗಳಲ್ಲಿ ಸೇರಬೇಕು? ಹೇಳಿಕೊಡುವವರು ಸರಿಯಾದವರು ಅಂತ ಗೊತ್ತಾಗೋದು ಹೇಗೆ?" ಬಸುರಿಯರು, ಅವರ ಗಂಡಂದಿರು, ಎಷ್ಟೋ ಸಲ ಅವರ ಅಮ್ಮಂದಿರೂ ನನ್ನನ್ನು ಕೇಳುವುದು ಇವೇ ಮೂರು ಪ್ರಶ್ನೆ. ಹಲವು ವರ್ಷಗಳಿಂದ ಇಂಥ ತರಗತಿ ನಡೆಸುತ್ತಿದ್ದೇನೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು, ಮೊದಲಿಂದ ಕೊನೆಯವರೆಗೆ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. "ನಿಮಗೆ ಇಂಥದ್ದೇ ಹೆರಿಗೆ ಆಗುತ್ತೆ" ಅಂತ ಯಾವ ತರಗತಿಯೂ ಮಾತು ಕೊಡಲು ಸಾಧ್ಯವಿಲ್ಲ. ಮೈಯಲ್ಲಿ ಏನಾಗುತ್ತಿದೆ ಅನ್ನೋದು ನಿಮಗೆ ಅರ್ಥವಾಗಬೇಕು, ಗೊತ್ತಾಗದ್ದನ್ನು ಕೇಳಲು ಬಾಯಿ ಬರಬೇಕು. ಒಳ್ಳೆಯ ತರಗತಿ ಕೊಡುವುದು ಇದನ್ನು. ನೋವಿನ ನಡುವೆ ಯಾರೋ ಬಂದು ಒಂದು ಕಾಗದಕ್ಕೆ ಸಹಿ ಹಾಕಿ ಅಂದಾಗ, "ಇದು ಯಾಕೆ?" ಅಂತ ಕೇಳುವ ಹೆಣ್ಣಿಗೂ ಕಣ್ಣು ಮುಚ್ಚಿ ಸಹಿ ಹಾಕುವ ಹೆಣ್ಣಿಗೂ ಬಹಳ ವ್ಯತ್ಯಾಸ ಇದೆ. ಸಿಸೇರಿಯನ್ ಆದರೂ ಸರಿ, ಏನಾಯಿತು, ಯಾಕಾಯಿತು ಅಂತ ಗೊತ್ತಿದ್ದವರು ಮುಂದೆ ಅದನ್ನು ನೆನೆದು ಕೊರಗುವುದು ಕಡಿಮೆ. ಇದು ನಾನು ಕಣ್ಣಾರೆ ಕಂಡದ್ದು.

ಯಾರು ಏನು ಅಂತ ಮೊದಲು ತಿಳಿದುಕೊಳ್ಳಿ

ಈ ವಿಷಯದಲ್ಲಿ ಗೊಂದಲ ಜಾಸ್ತಿ. ಹಾಗಾಗಿ ಕೆಲವು ಪದಗಳನ್ನು ಬಿಡಿಸಿ ಹೇಳುತ್ತೇನೆ.

ಹೆರಿಗೆ, ಹಾಲುಣಿಸುವುದು, ಬಾಣಂತನ, ಮಗುವಿನ ಆರೈಕೆ ಇವುಗಳ ಬಗ್ಗೆ ಮಗು ಹುಟ್ಟುವ ಮುಂಚೆಯೇ ತಂದೆತಾಯಿಗೆ ಕಲಿಸುವುದಕ್ಕೆ ಪ್ರಸವಪೂರ್ವ ಶಿಕ್ಷಣ ಅನ್ನುತ್ತಾರೆ. ಅದನ್ನು ಕಲಿಸುವವರು ಹೆರಿಗೆ ಶಿಕ್ಷಕರು, ಅಂದರೆ ಚೈಲ್ಡ್‌ಬರ್ತ್ ಎಜುಕೇಟರ್. ಇವರು ನರ್ಸ್ ಆಗಿರಬಹುದು, ಫಿಸಿಯೋಥೆರಪಿಸ್ಟ್ ಆಗಿರಬಹುದು, ಬೇರೆ ಕೆಲಸದಲ್ಲಿದ್ದು ಆಮೇಲೆ ಇದಕ್ಕೆಂದೇ ತರಬೇತಿ ಪಡೆದವರೂ ಆಗಿರಬಹುದು. ಇವರ ಕೆಲಸ ಕಲಿಸುವುದು. ತಪಾಸಣೆ ಮಾಡುವುದು, ಔಷಧಿ ಬರೆಯುವುದು ಇವರ ಕೆಲಸವಲ್ಲ.

ಮಿಡ್‌ವೈಫ್ ಅಂದರೆ ತರಬೇತಿ ಪಡೆದ ಸೂಲಗಿತ್ತಿ. ಬಸುರಿಯನ್ನು ಪರೀಕ್ಷಿಸಿ, ಹೆರಿಗೆ ಮಾಡಿಸಿ, ತಾಯಿ ಮಗುವನ್ನು ನೋಡಿಕೊಳ್ಳುವ ವೈದ್ಯಕೀಯ ಹೊಣೆ ಇವರದು.

ಡೌಲಾ ಅಂದರೆ ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲೇ ಇದ್ದು ಬೆನ್ನು ಒತ್ತುವ, ಧೈರ್ಯ ಹೇಳುವ, ಭಂಗಿ ಬದಲಿಸಲು ಸಹಾಯ ಮಾಡುವ ಸಂಗಾತಿ. ಇವರು ಹೆರಿಗೆ ಮಾಡಿಸುವುದಿಲ್ಲ.

ಒಬ್ಬರೇ ಎರಡು ಪಾತ್ರ ವಹಿಸುವುದೂ ಇದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಮುಂದೆ ಕೂತವರು ಈಗ ಯಾವ ಪಾತ್ರದಲ್ಲಿದ್ದಾರೆ ಅಂತ ನೇರವಾಗಿ ಕೇಳಿ ತಿಳಿದುಕೊಳ್ಳಿ.

ಹಂತ 1: ಯಾವಾಗ ಸೇರಬೇಕು

ಬಸುರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಹಾಗೆ ಎಣಿಸಿದರೆ ಪೂರ್ತಿ 40 ವಾರ. 20ನೇ ವಾರದ ಹೊತ್ತಿಗೆ ಶಿಕ್ಷಕರನ್ನು ಹುಡುಕಲು ಶುರು ಮಾಡಿ. 24ರಿಂದ 28ನೇ ವಾರದೊಳಗೆ ತರಗತಿ ಆರಂಭಿಸಿ. 36ನೇ ವಾರಕ್ಕೆ ಮುಗಿಸಿಬಿಡಿ.

36ಕ್ಕೇ ಯಾಕೆ ಅಂದರೆ, ಡಾಕ್ಟರ್ ಕೊಟ್ಟ ದಿನಾಂಕದಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಉಳಿದವರು ಹಿಂದೆ ಮುಂದೆ ಆಗುತ್ತಾರೆ. ಹೊಟ್ಟೆಯಲ್ಲಿ ಅವಳಿ ಇದ್ದರೆ ಇನ್ನೂ ಬೇಗ ಶುರು ಮಾಡಿ. ಅವಳಿಗಳು 37 ವಾರ ತುಂಬುವ ಮುಂಚೆಯೇ ಹುಟ್ಟುವುದು ಸಾಮಾನ್ಯ.

ಈಗಾಗಲೇ 36 ವಾರ ದಾಟಿದೆಯಾ? ಕೈಬಿಡಬೇಡಿ. ಶಿಕ್ಷಕರಿಗೆ ಪರಿಸ್ಥಿತಿ ಹೇಳಿ. ನೋವು ಶುರುವಾದದ್ದು ಹೇಗೆ ಗೊತ್ತಾಗುತ್ತದೆ, ಆಸ್ಪತ್ರೆಗೆ ಯಾವಾಗ ಹೊರಡಬೇಕು, ನೋವು ತಡೆಯಲು ಏನು ಮಾಡಬೇಕು, ಮೊದಲ ದಿನ ಹಾಲು ಹೇಗೆ ಕೊಡಬೇಕು ಇಷ್ಟನ್ನಾದರೂ ಒಂದೇ ದಿನದಲ್ಲಿ ಹೇಳಿಕೊಡಿ ಅನ್ನಿ. ಒಪ್ಪುತ್ತಾರೆ.

ಸೇರುವ ಮುಂಚೆ ನಿಮ್ಮ ಡಾಕ್ಟರಿಗೂ ಒಂದು ಮಾತು ತಿಳಿಸಿ. ರಕ್ತಸ್ರಾವ ಆಗಿದ್ದರೆ, ಬಿಪಿ ಜಾಸ್ತಿ ಇದ್ದರೆ, ಮಾಸು ಕೆಳಗೆ ಕೂತಿದ್ದರೆ, ಕೆಲವು ವ್ಯಾಯಾಮಗಳು ನಿಮಗೆ ಬೇಡ ಅನ್ನಬಹುದು. ಮಾಸು ಅಂದರೆ ಮಗುವಿಗೆ ಆಹಾರ, ಆಮ್ಲಜನಕ ಸಾಗಿಸುವ ಅಂಗ. ಅದು ಗರ್ಭಕೋಶದ ಬಾಯಿಗೆ ಅಡ್ಡ ಕೂತರೆ ಹೆರಿಗೆಯ ರೀತಿಯೇ ಬದಲಾಗುತ್ತದೆ. ಕೂತು ಕೇಳುವ ಪಾಠಕ್ಕೆ ಮಾತ್ರ ಸಾಮಾನ್ಯವಾಗಿ ಯಾವ ಅಡ್ಡಿಯೂ ಇರುವುದಿಲ್ಲ.

ಹಂತ 2: ಪದ್ಧತಿಗಳ ಹೆಸರು ಕೇಳಿ ಗಾಬರಿಯಾಗಬೇಡಿ

ಲಮಾಜ್, ಬ್ರಾಡ್ಲಿ, ಹಿಪ್ನೋಬರ್ತಿಂಗ್ ಅಂತ ಹೆಸರುಗಳು ಕಿವಿಗೆ ಬೀಳುತ್ತವೆ. ಇವು ಎಲ್ಲಿಂದ ಬಂದವು ಅಂತ ತಿಳಿದರೆ ಆರಿಸುವುದು ಸುಲಭ.

ಬ್ರಿಟನ್ನಿನ ಹೆರಿಗೆ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲಿ ಒಂದು ಪುಸ್ತಕ ಬರೆದರು. ಭಯದಿಂದ ಮೈ ಬಿಗಿಯಾಗುತ್ತದೆ, ಬಿಗಿದ ಮೈಗೆ ನೋವು ಜಾಸ್ತಿ, ನೋವು ಜಾಸ್ತಿಯಾದಷ್ಟೂ ಭಯ ಜಾಸ್ತಿ. ಈ ಸುಳಿಯನ್ನು ತಿಳುವಳಿಕೆಯಿಂದ ಮುರಿಯಬಹುದು ಅನ್ನೋದು ಅವರ ವಾದ. ಇವತ್ತಿನ ಬಹುತೇಕ ತರಗತಿಗಳ ಬೇರು ಇದೇ.

ಫರ್ನಾಂಡ್ ಲಮಾಜ್ ಫ್ರಾನ್ಸಿನ ವೈದ್ಯರು. 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿದ್ದಾಗ, ಮುಂಚಿತವಾಗಿ ತರಬೇತಿ ಪಡೆದ ಹೆಂಗಸರು ಔಷಧಿಯಿಲ್ಲದೆ ಹೆರುವುದನ್ನು ನೋಡಿದರು. ಅದನ್ನೇ ತಿದ್ದಿ ಪ್ಯಾರಿಸ್ಸಿನಲ್ಲಿ ಜಾರಿಗೆ ತಂದರು. 1960ರಲ್ಲಿ ಅಮೆರಿಕದಲ್ಲಿ ಇದನ್ನು ಕಲಿಸಲು ಒಂದು ಸಂಸ್ಥೆ ಹುಟ್ಟಿತು. ಈಗ ಅದರ ಹೆಸರು ಲಮಾಜ್ ಇಂಟರ್‌ನ್ಯಾಷನಲ್. ಪರೀಕ್ಷೆ ಪಾಸಾದ ಶಿಕ್ಷಕರಿಗೆ ಅದು ಪ್ರಮಾಣಪತ್ರ ಕೊಡುತ್ತದೆ.

ರಾಬರ್ಟ್ ಬ್ರಾಡ್ಲಿ ಅಮೆರಿಕದ ವೈದ್ಯರು. ಹೆರಿಗೆ ಕೋಣೆಯ ಹೊರಗೆ ಕಾಯುತ್ತಿದ್ದ ಗಂಡನನ್ನು ಒಳಗೆ ಕರೆದು ಕೆಲಸ ಕೊಟ್ಟವರು. ಹಿಪ್ನೋಬರ್ತಿಂಗ್ ಎಂಬ ಹೆಸರಿನ ಕ್ರಮವನ್ನು 1989ರಲ್ಲಿ ಮೇರಿ ಮೊಂಗನ್ ಶುರು ಮಾಡಿದರು. ಇದರಲ್ಲಿ ಆಳವಾದ ವಿಶ್ರಾಂತಿ, ಕಲ್ಪನೆ, ಮನಸ್ಸಿಗೆ ಹೇಳಿಕೊಳ್ಳುವ ಮಾತು ಮುಖ್ಯ.

ಲಮಾಜ್ ಅಂದರೆ ಬರೀ ಉಸಿರಾಟ ಅಂತ ತುಂಬ ಜನ ತಿಳಿದಿದ್ದಾರೆ. ಈಗ ಹಾಗಿಲ್ಲ. ಅವರು ಒತ್ತು ಕೊಡುವುದು ಆರು ವಿಷಯಗಳಿಗೆ: ನೋವು ತಾನಾಗಿ ಶುರುವಾಗಲು ಬಿಡುವುದು, ಹೆರಿಗೆಯುದ್ದಕ್ಕೂ ಓಡಾಡುವುದು, ಬೇಕಾದವರು ಜೊತೆಗಿರುವುದು, ಅಗತ್ಯವಿಲ್ಲದ ಚಿಕಿತ್ಸೆ ಬೇಡ ಅನ್ನುವುದು, ಅಂಗಾತ ಮಲಗದೆ ಮೈ ಹೇಳಿದಂತೆ ಮುಕ್ಕಿ ಮಗುವನ್ನು ಹೊರಗೆ ತಳ್ಳುವುದು, ಹುಟ್ಟಿದ ಮೇಲೆ ತಾಯಿ ಮಗುವನ್ನು ಬೇರೆ ಮಾಡದಿರುವುದು.

ಈ ಆರರಲ್ಲಿ "ಜೊತೆಗೊಬ್ಬರು" ಅನ್ನುವುದಕ್ಕೆ ಆಧಾರ ಬಹಳ ಗಟ್ಟಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಾಮರ್ಶೆ 26 ಅಧ್ಯಯನಗಳಿಂದ 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟುಗೂಡಿಸಿತು. ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ತಾನಾಗಿ ಹೆರಿಗೆ ಆಗುವ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಸ್ವಲ್ಪ ಕಡಿಮೆ ಅಂತ ಅದರಲ್ಲಿ ಕಂಡುಬಂತು. ಹಾಗಾಗಿ ಯಾವುದೇ ಹೆಸರಿನ ತರಗತಿ ಇರಲಿ, ನಿಮ್ಮ ಜೊತೆ ಬರುವವರಿಗೂ ಅಲ್ಲಿ ಪಾಠ ಇದೆಯಾ ನೋಡಿ. ನನ್ನ ಪ್ರಕಾರ ಪದ್ಧತಿಯ ಹೆಸರಿಗಿಂತ ಇದು ಮುಖ್ಯ.

ಹಂತ 3: ಶಿಕ್ಷಕರನ್ನು ಆರಿಸುವುದು

ಇದಕ್ಕೆ ಸಮಯ ಕೊಡಿ. ಹಣ ಕಟ್ಟುವ ಮುಂಚೆ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಿ. ಮಾತಾಡಲು ಪುರಸೊತ್ತೇ ಇಲ್ಲ ಅನ್ನುವವರನ್ನು ಬಿಟ್ಟುಬಿಡಿ.

ಮೊದಲು ತರಬೇತಿಯ ಬಗ್ಗೆ ಕೇಳಿ. ಎಲ್ಲಿ ಕಲಿತಿರಿ, ಎಷ್ಟು ತಿಂಗಳ ಕೋರ್ಸ್, ಪರೀಕ್ಷೆ ಇತ್ತಾ, ಆಮೇಲೆ ಕಲಿಕೆ ಮುಂದುವರಿಸಿದ್ದೀರಾ? "ಸರ್ಟಿಫೈಡ್" ಅನ್ನುವ ಒಂದು ಪದದ ಹಿಂದೆ ವರ್ಷಗಟ್ಟಲೆ ಓದೂ ಇರಬಹುದು, ಎರಡು ದಿನದ ಆನ್‌ಲೈನ್ ಕೋರ್ಸೂ ಇರಬಹುದು. ಎಷ್ಟು ಹೆರಿಗೆಗಳನ್ನು ಹತ್ತಿರದಿಂದ ನೋಡಿದ್ದೀರಿ ಅಂತಲೂ ಕೇಳಿ. ತಾವೇ ಹೆತ್ತ ಒಂದೆರಡು ಹೆರಿಗೆಯ ಅನುಭವದ ಮೇಲೆ ಪಾಠ ಮಾಡುವವರು ತಮಗಾದದ್ದೇ ಎಲ್ಲರಿಗೂ ಆಗುತ್ತದೆ ಅಂದುಕೊಳ್ಳುವ ಅಪಾಯ ಇದೆ.

ಆಮೇಲೆ ಈ ಮೂರು ಪ್ರಶ್ನೆ. ಉತ್ತರ ಏನು ಅನ್ನುವಷ್ಟೇ ಅದನ್ನು ಹೇಳುವ ರೀತಿಯನ್ನೂ ಗಮನಿಸಿ.

"ಸಿಸೇರಿಯನ್ ಬಗ್ಗೆ ಎಷ್ಟು ಹೊತ್ತು ಹೇಳಿಕೊಡುತ್ತೀರಿ?" ಅದರ ಅಗತ್ಯವೇ ಬರಲ್ಲ ಬಿಡಿ ಅಂದರೆ ಅದು ತಪ್ಪು ಉತ್ತರ. ಯಾರಿಗೆ ಬೇಕಾಗುತ್ತದೆ ಅಂತ ಮುಂಚೆ ಹೇಳಲು ಆಗುವುದಿಲ್ಲ. ಆಪರೇಷನ್ ಕೋಣೆಯಲ್ಲಿ ಏನು ನಡೆಯುತ್ತದೆ, ಆಮೇಲೆ ಏಳುವುದು ಕೂರುವುದು ಹೇಗೆ, ಹೊಲಿಗೆ ಇದ್ದಾಗ ಮಗುವಿಗೆ ಹಾಲು ಕೊಡುವುದು ಹೇಗೆ, ಇಷ್ಟನ್ನು ಎಲ್ಲರೂ ಕಲಿಯಬೇಕು.

"ಎಪಿಡ್ಯೂರಲ್ ಬಗ್ಗೆ ಏನು ಹೇಳುತ್ತೀರಿ?" ಎಪಿಡ್ಯೂರಲ್ ಅಂದರೆ ಬೆನ್ನಿನ ಕೆಳಭಾಗದಲ್ಲಿ ಸಣ್ಣ ನಳಿಕೆ ಇಟ್ಟು ನೋವು ತಡೆಯುವ ಔಷಧಿ ಬಿಡುವುದು. ಅದರ ಉಪಯೋಗವನ್ನೂ ತೊಂದರೆಯನ್ನೂ ಎರಡೂ ಹೇಳುವವರು ಬೇಕು. ಅದನ್ನು ತೆಗೆದುಕೊಂಡವಳು ಸೋತವಳು ಅನ್ನುವ ಧಾಟಿ ಮಾತಿನಲ್ಲಿ ಕಂಡರೆ ಅಲ್ಲಿಂದ ಎದ್ದು ಬನ್ನಿ.

"ನನ್ನ ಡಾಕ್ಟರ್ ಮಾತಿಗೂ ನಿಮ್ಮ ಮಾತಿಗೂ ತಾಳೆಯಾಗದಿದ್ದರೆ?" ಒಳ್ಳೆಯ ಶಿಕ್ಷಕರು ಹೇಳುವುದು ಹೀಗೆ: "ಡಾಕ್ಟರ್ ನಿಮ್ಮ ರಿಪೋರ್ಟ್ ನೋಡಿದ್ದಾರೆ, ನಾನು ನೋಡಿಲ್ಲ. ಅವರ ಹತ್ತಿರ ಏನು ಕೇಳಬೇಕು ಅಂತ ಇಬ್ಬರೂ ಕೂತು ಬರೆದುಕೊಳ್ಳೋಣ."

ಇನ್ನು ಎಚ್ಚರಿಕೆಯ ಗಂಟೆಗಳು. ಮಾಮೂಲಿ ಹೆರಿಗೆ ಗ್ಯಾರಂಟಿ ಅನ್ನುವವರು, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಅನ್ನುವವರು, ತರಗತಿಯ ಜೊತೆ ತಮ್ಮದೇ ಎಣ್ಣೆ, ಪುಡಿ, ಕಿಟ್ ಕೊಳ್ಳಲೇಬೇಕು ಅನ್ನುವವರು, ಹೆದರಿಸಿ ಸೇರಿಸಿಕೊಳ್ಳುವವರು. ಇವರಲ್ಲಿ ಯಾರ ಹತ್ತಿರವೂ ಹೋಗಬೇಡಿ.

ಹೊಟ್ಟೆಯಲ್ಲಿರುವ ಮಗುವನ್ನು ಬುದ್ಧಿವಂತ ಮಾಡುತ್ತೇವೆ ಅನ್ನುವವರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ಈ ಆಸೆಗೆ ಬಹಳ ಜನ ಮರುಳಾಗುತ್ತಾರೆ. ಮೊಜಾರ್ಟ್ ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತದೆ ಅನ್ನುವ ಮಾತು ಹುಟ್ಟಿದ್ದು 1993ರ ಒಂದು ಅಧ್ಯಯನದಿಂದ. ಅದರಲ್ಲಿ ಭಾಗವಹಿಸಿದವರು ಕಾಲೇಜು ವಿದ್ಯಾರ್ಥಿಗಳು. ಒಂದು ಬಗೆಯ ಪರೀಕ್ಷೆಯಲ್ಲಿ ಅವರಿಗೆ ಸಿಕ್ಕ ಸಣ್ಣ ಲಾಭ ಕೆಲವೇ ನಿಮಿಷ ಉಳಿಯಿತು. ಹೊಟ್ಟೆಯೊಳಗಿನ ಮಗುವಿಗೂ ಆ ಅಧ್ಯಯನಕ್ಕೂ ಸಂಬಂಧವೇ ಇಲ್ಲ. ಮಗುವಿಗೆ ಕೊನೆಯ ತಿಂಗಳುಗಳಲ್ಲಿ ಹೊರಗಿನ ಸದ್ದು ಕೇಳಿಸುವುದು ನಿಜ. ಹುಟ್ಟಿ ಮೂರು ದಿನದೊಳಗಿನ ಮಕ್ಕಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆ ಅಂತ 1980ರಲ್ಲೇ ತೋರಿಸಿದ್ದಾರೆ. ಹಾಗಾಗಿ ಮಗುವಿನ ಜೊತೆ ಮಾತಾಡಿ, ಹಾಡಿ, ನಿಮಗೆ ಇಷ್ಟವಾದದ್ದನ್ನು ಕೇಳಿ. ಅದಕ್ಕೆ ಯಾರಿಗೂ ಹಣ ಕೊಡಬೇಕಿಲ್ಲ. ಹೊಟ್ಟೆಗೆ ಹೆಡ್‌ಫೋನ್ ಕಟ್ಟುವುದು ಮಾತ್ರ ಬೇಡ.

ಆಸ್ಪತ್ರೆಯವರೇ ನಡೆಸುವ ತರಗತಿ ಒಳ್ಳೆಯದಾ, ಹೊರಗಿನದಾ ಅಂತಲೂ ಕೇಳುತ್ತಾರೆ. ಆಸ್ಪತ್ರೆಯ ತರಗತಿಯಲ್ಲಿ ಅಲ್ಲಿನ ಪದ್ಧತಿ ಗೊತ್ತಾಗುತ್ತದೆ: ಯಾವ ಬಾಗಿಲಿಂದ ಹೋಗಬೇಕು, ಜೊತೆಗೆ ಯಾರನ್ನು ಬಿಡುತ್ತಾರೆ, ನೋವಿಗೆ ಏನು ಕೊಡುತ್ತಾರೆ. ಅಲ್ಲಿ ಇಲ್ಲದ ಆಯ್ಕೆಗಳ ಬಗ್ಗೆ ಅಲ್ಲಿ ಹೇಳದೇ ಇರಬಹುದು. ಹೊರಗಿನ ಶಿಕ್ಷಕರು ವಿಶಾಲವಾಗಿ ಹೇಳಬಲ್ಲರು, ಆದರೆ ನಿಮ್ಮ ಆಸ್ಪತ್ರೆಯ ನಿಯಮ ಅವರಿಗೆ ಗೊತ್ತಿರಲಿಕ್ಕಿಲ್ಲ. ಸಾಧ್ಯವಾದರೆ ಹೊರಗೆ ಪೂರ್ತಿ ಕಲಿತು, ಆಸ್ಪತ್ರೆಯಲ್ಲಿ ಒಂದು ದಿನದ ಭೇಟಿ ಮಾಡಿ ಬನ್ನಿ.

ಆನ್‌ಲೈನ್ ತರಗತಿ ಮಾಹಿತಿಗೆ ಸಾಕು. ಬೆನ್ನು ಒತ್ತುವುದು, ಭಂಗಿ ಬದಲಿಸುವುದು ಮಾತ್ರ ಎದುರಾಎದುರು ಕಲಿತರೇ ಕೈಗೆ ಹತ್ತುವುದು. ಒಂದು ಗುಂಪಿನಲ್ಲಿ ಎಂಟು ಹತ್ತು ಜೋಡಿಗಿಂತ ಜಾಸ್ತಿ ಇದ್ದರೆ ಪ್ರಶ್ನೆ ಕೇಳಲು ಸರದಿಯೇ ಸಿಗುವುದಿಲ್ಲ.

ಹಂತ 4: ತರಗತಿಯಲ್ಲಿ ಇವಿಷ್ಟು ಬಂತಾ ನೋಡಿಕೊಳ್ಳಿ

ಮೊದಲ ವಾರ ನಾನು ತರಗತಿಗೆ ಒಂದು ಬಲೂನು, ಒಂದು ಟೇಬಲ್ ಟೆನಿಸ್ ಚೆಂಡು ಒಯ್ಯುತ್ತೇನೆ. ಚೆಂಡನ್ನು ಬಲೂನಿನೊಳಗೆ ತುರುಕಿ, ಸ್ವಲ್ಪ ಗಾಳಿ ಊದಿ, ಬಾಯಿ ಕೆಳಗೆ ಮಾಡಿ ಹಿಡಿಯುತ್ತೇನೆ. ಚೆಂಡು ಕತ್ತಿನ ಹತ್ತಿರ ಬಂದು ಕೂರುತ್ತದೆ. ಬಲೂನು ಗರ್ಭಕೋಶ, ಉದ್ದನೆಯ ಕತ್ತು ಗರ್ಭಕೋಶದ ಬಾಯಿ, ಚೆಂಡು ಮಗುವಿನ ತಲೆ. ಬಲೂನನ್ನು ಎರಡೂ ಪಕ್ಕದಿಂದ ಹಿಸುಕಿದರೆ ಚೆಂಡು ಅಲ್ಲೇ ಇರುತ್ತದೆ. ಇದು ಸುಳ್ಳು ನೋವು: ಹೊಟ್ಟೆ ಗಟ್ಟಿಯಾಗುತ್ತದೆ, ಸಡಿಲಾಗುತ್ತದೆ, ಮುಂದೆ ಏನೂ ಆಗುವುದಿಲ್ಲ. ಈಗ ಮೇಲಿನಿಂದ ಒತ್ತಿ, ಬಿಡಿ, ಮತ್ತೆ ಒತ್ತಿ. ಮೊದಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಹತ್ತಿರ ಹಿಡಿದು ನೋಡಿದರೆ ಕತ್ತು ಗಿಡ್ಡವಾಗುತ್ತಾ ಬಂದಿರುತ್ತದೆ. ಪೂರ್ತಿ ಗಿಡ್ಡವಾದ ಮೇಲೆ ಬಾಯಿ ತೆರೆಯುತ್ತದೆ, ಚೆಂಡಿನ ಬಿಳಿ ಕಾಣುತ್ತದೆ, ಕೊನೆಗೆ ಟಪ್ ಅಂತ ಹೊರಗೆ ಬರುತ್ತದೆ.

"ಹನ್ನೆರಡು ಗಂಟೆಯಿಂದ ನೋವು, ಆದರೂ ಬರೀ ಎರಡು ಸೆಂಟಿಮೀಟರ್ ಅಂತಾರೆ" ಅಂತ ಮುಂದೆ ಯಾವತ್ತಾದರೂ ಕಣ್ಣೀರು ಬಂದರೆ ಆ ಬಲೂನನ್ನು ನೆನಪಿಸಿಕೊಳ್ಳಿ. ಬಾಯಿ ತೆರೆಯುವ ಮುಂಚೆ ಕತ್ತು ಮೆತ್ತಗಾಗಿ ಗಿಡ್ಡವಾಗುವ ಕೆಲಸ ನಡೆದಿರುತ್ತದೆ. ಅದು ಸೆಂಟಿಮೀಟರ್ ಲೆಕ್ಕದಲ್ಲಿ ಕಾಣುವುದಿಲ್ಲ.

ಹೆರಿಗೆಗೆ ಮೂರು ಘಟ್ಟ. ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆಯುವವರೆಗೆ ಮೊದಲನೆಯದು. ಮಗು ಹೊರಬರುವವರೆಗೆ ಎರಡನೆಯದು. ಮಾಸು ಬೀಳುವವರೆಗೆ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸೂಚನೆಯ ಪ್ರಕಾರ ಜೋರು ನೋವಿನ ಘಟ್ಟ ಲೆಕ್ಕಕ್ಕೆ ಬರುವುದು 5 ಸೆಂಟಿಮೀಟರ್‌ನಿಂದ. ಅಲ್ಲಿಂದ ಬಾಯಿ ಪೂರ್ತಿ ತೆರೆಯಲು ಚೊಚ್ಚಲ ಹೆರಿಗೆಗೆ ಸಾಮಾನ್ಯವಾಗಿ 12 ಗಂಟೆಗಿಂತ ಜಾಸ್ತಿ ಹಿಡಿಯುವುದಿಲ್ಲ, ನಂತರದ ಹೆರಿಗೆಗಳಿಗೆ 10 ಗಂಟೆ. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೇ ಲೆಕ್ಕ ಕೆಲವರ ಮಟ್ಟಿಗೆ ಅತಿ ವೇಗದ್ದು ಅಂತಲೂ ಅದೇ ಸೂಚನೆ ಹೇಳುತ್ತದೆ. ನಿಮ್ಮ ಶಿಕ್ಷಕರು ಇನ್ನೂ ಹಳೇ ಲೆಕ್ಕವನ್ನೇ ಹೇಳುತ್ತಿದ್ದರೆ, ಅವರು ಓದುವುದನ್ನು ನಿಲ್ಲಿಸಿದ್ದಾರೆ ಅಂತ ಅರ್ಥ.

ಇವುಗಳ ಜೊತೆಗೆ ಔಷಧಿ ಕೊಟ್ಟು ನೋವು ಬರಿಸುವುದು, ನೋವು ತಡೆಯುವ ದಾರಿಗಳು, ಸಿಸೇರಿಯನ್, ಹಾಲುಣಿಸುವುದು, ಬಾಣಂತಿಯ ಮನಸ್ಸು ಇಷ್ಟೂ ಪಾಠದಲ್ಲಿ ಇರಬೇಕು. ಪಟ್ಟಿ ಮೊದಲೇ ಕೇಳಿ ಪಡೆಯಿರಿ.

ಹಂತ 5: ಮನೆಯಲ್ಲಿ ಅಭ್ಯಾಸ

ಸುಮ್ನೆ ಕೇಳಿಸಿಕೊಂಡು ಬಂದರೆ ನೋವಿನ ಹೊತ್ತಿನಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನಾ ಮಾಡಬೇಕು.

ಒಂದು ಅಭ್ಯಾಸ ಹೇಳುತ್ತೇನೆ, ಇವತ್ತೇ ಮಾಡಿ ನೋಡಿ. ಒಂದು ತುಂಡು ಐಸ್ ಅಂಗೈಯಲ್ಲಿ ಹಿಡಿದು ಮುಷ್ಟಿ ಕಟ್ಟಿ. ಸಂಗಾತಿ ಗಡಿಯಾರ ನೋಡಿ ಒಂದು ನಿಮಿಷ ಎಣಿಸಲಿ. ಮೊದಲ ಸಲ ಏನೂ ಮಾಡದೆ ಸುಮ್ಮನೆ ಹಿಡಿಯಿರಿ. ಇಪ್ಪತ್ತು ಸೆಕೆಂಡಿಗೇ ಚುರುಗುಟ್ಟುತ್ತದೆ, ಭುಜ ಕಿವಿಯ ತನಕ ಏರಿರುತ್ತದೆ, ಹಲ್ಲು ಕಚ್ಚಿರುತ್ತೀರಿ. ಕೈ ಒರೆಸಿಕೊಂಡು ಎರಡು ನಿಮಿಷ ಬಿಡಿ. ಎರಡನೇ ಸಲ ಇನ್ನೊಂದು ಕೈಯಲ್ಲಿ ಹಿಡಿದು, ಮೂಗಿನಿಂದ ಉಸಿರು ತೆಗೆದುಕೊಂಡು ಬಾಯಿಂದ ನಿಧಾನವಾಗಿ, ಉದ್ದಕ್ಕೆ ಬಿಡಿ. ಸಂಗಾತಿ ನಿಮ್ಮ ಭುಜದ ಮೇಲೆ ಕೈ ಇಟ್ಟು, ಸಣ್ಣ ದನಿಯಲ್ಲಿ "ಬಿಡು, ಇನ್ನೂ ಬಿಡು" ಅನ್ನಲಿ. ಐಸ್ ಅಷ್ಟೇ ತಣ್ಣಗಿರುತ್ತದೆ. ನಿಮಿಷ ಮಾತ್ರ ಬೇಗ ಕಳೆದಂತೆ ಅನ್ನಿಸುತ್ತದೆ. ಹೆರಿಗೆ ನೋವಿಗೂ ಐಸಿಗೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ಉಸಿರು, ಮುಟ್ಟುವ ಕೈ, ಪರಿಚಿತ ದನಿ ಇವು ಏನು ಮಾಡಬಲ್ಲವು ಅಂತ ನಿಮ್ಮ ಮೈಗೇ ಗೊತ್ತಾಗುತ್ತದೆ. ಪಕ್ಕದಲ್ಲಿ ನಿಂತವರಿಗೂ ತಮ್ಮ ಕೆಲಸ ಏನು ಅಂತ ಅರ್ಥವಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪು: ವೇಗವಾಗಿ ಉಸಿರಾಡುವುದು. ಬೆರಳ ತುದಿ ಜುಮ್ ಅಂದರೆ, ತಲೆ ಸುತ್ತಿದಂತಾದರೆ, ವೇಗ ಜಾಸ್ತಿಯಾಗಿದೆ ಅಂತ ತಿಳಿಯಿರಿ. ಉಸಿರು ಬಿಡುವುದನ್ನು ಉದ್ದ ಮಾಡಿ.

ಇನ್ನೊಂದು ತಪ್ಪು ಅಂಗಾತ ಮಲಗಿ ಅಭ್ಯಾಸ ಮಾಡುವುದು. ಭಾರವಾದ ಗರ್ಭಕೋಶ ಬೆನ್ನೆಲುಬಿನ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. 28ನೇ ವಾರದಿಂದ ನಿದ್ದೆಗೂ ಪಕ್ಕಕ್ಕೆ ತಿರುಗಿ ಮಲಗಿ, ಎಡವೋ ಬಲವೋ ನಿಮಗೆ ಹಿತವಾದದ್ದು. ರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಮತ್ತೆ ಪಕ್ಕಕ್ಕೆ ಹೊರಳಿ.

ಗೋಡೆಗೆ ಒರಗಿ ಸೊಂಟ ಆಡಿಸುವುದು, ಮಂಡಿಯೂರಿ ಕೈಯೂರಿ ನಿಲ್ಲುವುದು, ಕುರ್ಚಿಯಲ್ಲಿ ಹಿಂದುಮುಂದಾಗಿ ಕೂತು ಬೆನ್ನು ಒತ್ತಿಸಿಕೊಳ್ಳುವುದು. ಹೀಗೆ ನಾಲ್ಕೈದು ಭಂಗಿ ಸಲೀಸಾದರೆ ಸಾಕು. ಇಪ್ಪತ್ತು ಕಲಿತು ಗೊಂದಲ ಮಾಡಿಕೊಳ್ಳಬೇಡಿ.

ಹಂತ 6: ಒಂದು ಪುಟದ ಇಷ್ಟಪಟ್ಟಿ

ಹೆರಿಗೆ ಹೇಗೆ ನಡೆದರೆ ನಿಮಗೆ ಇಷ್ಟ ಅಂತ ಬರೆದಿಡುವುದಕ್ಕೆ ಬರ್ತ್ ಪ್ಲಾನ್ ಅನ್ನುತ್ತಾರೆ. ನಾನು ಇಷ್ಟಪಟ್ಟಿ ಅನ್ನುತ್ತೇನೆ, ಯಾಕೆಂದರೆ ಪ್ಲಾನ್ ಅಂದಾಗ ಅದು ತಪ್ಪಿದರೆ ಏನೋ ಕೆಟ್ಟಿತು ಅನ್ನಿಸುತ್ತದೆ. ಒಂದು ಪುಟ ಮೀರಬಾರದು. ಜೊತೆಗೆ ಯಾರಿರಬೇಕು, ಓಡಾಡಲು ಬಿಡುತ್ತಾರಾ, ನೋವಿಗೆ ಏನು ಬೇಕು ಏನು ಬೇಡ, ಹೊಕ್ಕುಳಬಳ್ಳಿ ಕತ್ತರಿಸುವ ಮುಂಚೆ ಕಾಯುತ್ತಾರಾ, ಮಗುವನ್ನು ತಕ್ಷಣ ಎದೆಯ ಮೇಲೆ ಹಾಕುತ್ತಾರಾ. ಹೊಕ್ಕುಳಬಳ್ಳಿಗೆ ಕನಿಷ್ಠ ಒಂದು ನಿಮಿಷ ಕಾಯಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ನಿಮಿಷದಲ್ಲಿ ಮಾಸಿನಿಂದ ಮಗುವಿಗೆ ಇನ್ನಷ್ಟು ರಕ್ತ ಹರಿಯುತ್ತದೆ.

ಕೊನೆಯ ಸಾಲಿನಲ್ಲಿ ಸಿಸೇರಿಯನ್ ಆದರೆ ಏನು ಬೇಕು ಅಂತಲೂ ಬರೆಯಿರಿ. ಈ ಸಾಲನ್ನು ಬಹಳ ಜನ ಬಿಡುತ್ತಾರೆ.

34ನೇ ವಾರದ ಹೊತ್ತಿಗೆ ಇದನ್ನು ಡಾಕ್ಟರಿಗೆ ತೋರಿಸಿ. ನೋವು ಶುರುವಾದ ಮೇಲೆ ಚೀಲದಿಂದ ತೆಗೆದುಕೊಟ್ಟರೆ ಯಾರಿಗೂ ಓದಲು ಸಮಯ ಇರುವುದಿಲ್ಲ.

ಹೆರಿಗೆಯ ಹೊತ್ತಿನಲ್ಲಿ ಹೊಸದೇನಾದರೂ ಸೂಚಿಸಿದರೆ ಐದು ಪ್ರಶ್ನೆ: ಇದು ತುರ್ತಾ? ಇದರಿಂದ ಉಪಯೋಗ ಏನು? ತೊಂದರೆ ಏನು? ಬೇರೆ ದಾರಿ ಇದೆಯಾ? ಸ್ವಲ್ಪ ಹೊತ್ತು ಕಾದರೆ ಏನಾಗುತ್ತದೆ? ತುರ್ತು ಅಂದರೆ ಅಲ್ಲಿಗೇ ನಿಲ್ಲಿಸಿ, ಅವರ ಕೆಲಸ ಮಾಡಲು ಬಿಡಿ. ಉಳಿದದ್ದನ್ನು ಆಮೇಲೆ ಕೇಳಬಹುದು. ಈ ಪ್ರಶ್ನೆಗಳನ್ನು ಬಾಯಿಪಾಠ ಮಾಡಬೇಕಾದ್ದು ಜೊತೆಗಿರುವವರು. ನೋವಿನಲ್ಲಿರುವವಳಿಂದ ಅದನ್ನು ನಿರೀಕ್ಷಿಸಬೇಡಿ.

ಹಂತ 7: ಯಾವಾಗ ಹೊರಡಬೇಕು

ಚೊಚ್ಚಲ ಬಸುರಿ, 37 ವಾರ ತುಂಬಿದೆ, ಬೇರೆ ತೊಂದರೆ ಇಲ್ಲ ಅಂದರೆ ಸಾಮಾನ್ಯವಾಗಿ ಕಲಿಸುವ ಲೆಕ್ಕ ಇದು: 5 ನಿಮಿಷಕ್ಕೊಂದು ನೋವು, ಪ್ರತಿ ನೋವು 1 ನಿಮಿಷ, ಹೀಗೆ 1 ಗಂಟೆ. ಒಂದು ನೋವು ಶುರುವಾದಾಗಿಂದ ಮುಂದಿನ ನೋವು ಶುರುವಾಗುವವರೆಗೆ ಅಳೆಯಬೇಕು. ಇಲ್ಲೇ ಎಲ್ಲರೂ ಎಡವುವುದು. ನೋವು ಮುಗಿದ ಮೇಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಆಸ್ಪತ್ರೆ ದೂರ ಇದ್ದರೆ, ಇದು ಎರಡನೇ ಹೆರಿಗೆಯಾದರೆ, ಇನ್ನೂ ಬೇಗ ಹೊರಡಬೇಕು. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಹೇಳಿದ್ದರೆ ಅದೇ ನಿಮ್ಮ ಲೆಕ್ಕ.

ಇವುಗಳಲ್ಲಿ ಯಾವುದಾದರೂ ಆದರೆ ಯಾವ ಲೆಕ್ಕವೂ ಬೇಡ, ತಕ್ಷಣ ಫೋನ್ ಮಾಡಿ ಹೊರಡಿ:

- ರಕ್ತಸ್ರಾವ
- ನೀರು ಒಡೆಯುವುದು, ಅದರಲ್ಲೂ ನೀರು ಹಸಿರು ಅಥವಾ ಕಂದು ಬಣ್ಣ ಇದ್ದರೆ
- ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಇದ್ದಕ್ಕಿದ್ದಂತೆ ಊದುವುದು, ಪಕ್ಕೆಲುಬಿನ ಕೆಳಗೆ ನೋವು
- ಜ್ವರ
- 37 ವಾರಕ್ಕೆ ಮುಂಚೆ ನಿಯಮಿತವಾಗಿ ನೋವು
- ಮಗುವಿನ ಆಟ ಕಡಿಮೆಯಾಗುವುದು

ಕೊನೆಯದನ್ನು ಒತ್ತಿ ಹೇಳುತ್ತೇನೆ. ಹೆರಿಗೆ ಹತ್ತಿರ ಬಂದಾಗ ಮಗು ಆಡುವುದು ಕಡಿಮೆಯಾಗುತ್ತದೆ ಅನ್ನುವುದು ಸುಳ್ಳು. ಕೊನೆಯ ದಿನದವರೆಗೂ ಅದು ತನ್ನ ರೂಢಿಯಂತೆ ಆಡಬೇಕು. ಆ ರೂಢಿ ತಪ್ಪಿತು ಅನ್ನಿಸಿದರೆ, ತಣ್ಣೀರು ಕುಡಿದು ನೋಡೋಣ, ಬೆಳಗಾಗಲಿ, ಡಾಕ್ಟರಿಗೆ ತೊಂದರೆ ಯಾಕೆ ಅಂತ ಕಾಯಬೇಡಿ. ನಡುರಾತ್ರಿಯಾದರೂ ಹೋಗಿ. ಹೋಗಿ ಏನೂ ಇಲ್ಲ ಅಂತ ವಾಪಸ್ ಬಂದರೆ ಅದು ನಾಚಿಕೆಪಡುವ ವಿಷಯವೇ ಅಲ್ಲ.

ಚೀಲದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಪಾಸಣೆಯ ಕಾಗದಗಳು, ನಿಮಗೂ ಮಗುವಿಗೂ ಬಟ್ಟೆ, ಪ್ಯಾಡ್, ಚಾರ್ಜರ್. 36ನೇ ವಾರಕ್ಕೆ ಸಿದ್ಧ ಇರಲಿ.

ಹಂತ 8: ಹೆರಿಗೆಯ ಆಚೆಗಿನದನ್ನು ಬಿಡಬೇಡಿ

ಬಹುತೇಕ ತರಗತಿಗಳಲ್ಲಿ ಸಮಯ ಸಾಲದೆ ಹೋಗುವುದು ಇಲ್ಲೇ. ಹೆರಿಗೆ ಒಂದೆರಡು ದಿನದ್ದು, ಅದರಾಚೆಯದು ತಿಂಗಳುಗಟ್ಟಲೆಯದು, ಅಲ್ವಾ? ಒಂದು ಪೂರ್ತಿ ತರಗತಿ ಇದಕ್ಕೇ ಇಡಿ ಅಂತ ಶಿಕ್ಷಕರನ್ನು ಕೇಳಿ.

ಮಗು ಹುಟ್ಟಿದ ಕೂಡಲೇ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಒಂದು ಗಂಟೆಯೊಳಗೆ ಹಾಲು ಕುಡಿಸಲು ಶುರು ಮಾಡಬೇಕು. ಮೊದಲ ದಿನಗಳ ಹಾಲು ದಪ್ಪ, ಹಳದಿ, ಚಮಚಗಳ ಲೆಕ್ಕದಲ್ಲಿ ಬರುತ್ತದೆ. ಮಗುವಿಗೆ ಬೇಕಾದ್ದೂ ಅಷ್ಟೇ. "ಹಾಲೇ ಇಲ್ಲ" ಅಂತ ಆತುರಪಟ್ಟು ಬಾಟಲಿ ಹಿಡಿಯುವುದು ಈ ಹೊತ್ತಿನಲ್ಲೇ. ದಿನಕ್ಕೆ 8ರಿಂದ 12 ಸಲ ಕುಡಿಸುವುದು ಮಾಮೂಲಿ. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿದು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ. ಮಗು ಬಾಯಿ ದೊಡ್ಡದಾಗಿ ತೆರೆದು ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವನ್ನೂ ಹಿಡಿಯಬೇಕು. ತೊಟ್ಟು ಬಿರಿದು ನೋಯುತ್ತಿದ್ದರೆ ಹಿಡಿತ ತಪ್ಪಿದೆ, ತೋರಿಸಿ ಸರಿಮಾಡಿಸಿಕೊಳ್ಳಿ. ಮಗುವನ್ನು ಮಲಗಿಸುವಾಗ ಯಾವಾಗಲೂ ಅಂಗಾತ, ಗಟ್ಟಿ ಹಾಸಿಗೆ, ಪಕ್ಕದಲ್ಲಿ ದಿಂಬು ಬೇಡ.

ಇನ್ನು ಮನಸ್ಸಿನ ವಿಷಯ. ಮೂರನೇ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು ಬರುವುದು ಬಹಳ ಬಾಣಂತಿಯರಿಗೆ ಆಗುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಮಂಕು ಹೋಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಏನೂ ಅನ್ನಿಸದಿದ್ದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಇಲ್ಲದ ದನಿ ಕೇಳಿಸಿದರೆ, ಎರಡು ವಾರ ಕಾಯುವ ಮಾತೇ ಇಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದನ್ನು ಹೆರಿಗೆಗೆ ಮುಂಚೆಯೇ ಗಂಡನಿಗೂ ಮನೆಯವರಿಗೂ ಓದಿ ಹೇಳಿ. ಆ ಸ್ಥಿತಿಯಲ್ಲಿ ಬಾಣಂತಿ ತಾನಾಗಿ ಬಾಯಿಬಿಡುವುದು ಕಡಿಮೆ. ಮನೆಯಲ್ಲಿ ಯಾರಾದರೂ ಒಬ್ಬರು ದಿನಕ್ಕೊಮ್ಮೆ ಅವಳ ಪಕ್ಕ ಕೂತು, ಮಗು ಹೇಗಿದೆ ಅಂತ ಅಲ್ಲ, "ನೀನು ಹೇಗಿದ್ದೀಯ?" ಅಂತ ಕೇಳುವುದನ್ನು ತಮ್ಮ ಕೆಲಸ ಮಾಡಿಕೊಳ್ಳಲಿ. ಆ ಒಬ್ಬರು ಯಾರು ಅಂತ ಈಗಲೇ ಗೊತ್ತುಮಾಡಿ, ಇಷ್ಟಪಟ್ಟಿಯ ಹಿಂದಿನ ಪುಟದಲ್ಲಿ ಅವರ ಹೆಸರು ಬರೆದಿಡಿ.